ಮೇಣದ ಮೇಲೆ ಉಳಿದ ಮಾತಿನ ಧಾಟಿ

ಒಂದು ಭಾಷೆಯ ಬರಹ ಸಾವಿರ ವರ್ಷ ಉಳಿದರೂ ಅದರ ಉಚ್ಚಾರಣೆ ಉಳಿಯುವುದಿಲ್ಲ. ಹಳಗನ್ನಡದ ೞ ಮತ್ತು ಱ ಹೇಗೆ ಕೇಳಿಸುತ್ತಿದ್ದವು ಎಂಬುದನ್ನು ಇಂದು ಯಾರೂ ಖಚಿತವಾಗಿ ನುಡಿದು ತೋರಿಸಲಾರರು. ಶಾಸನಗಳಲ್ಲಿ ೞ ಇರಬೇಕಾದ ಕಡೆ ಳ ಅಥವಾ ರ ಕಾಣಿಸಿಕೊಂಡರೆ, ಕಲ್ಲುಕುಟಿಗನ ನಾಲಗೆಯಲ್ಲಿ ಆ ಧ್ವನಿ ಆಗಲೇ ಮಾಯವಾಗಿತ್ತು ಎಂದು ವಿದ್ವಾಂಸರು ಊಹಿಸುತ್ತಾರೆ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರವಿರುವ ಪದಗಳನ್ನು ಪಟ್ಟಿ ಮಾಡಿ ಕೊಟ್ಟಿದ್ದಾನೆ. ಕಿವಿಗೆ ಗೊತ್ತಾಗುವಂತಿದ್ದರೆ ಪಟ್ಟಿಯ ಅಗತ್ಯವೇ ಬೀಳುತ್ತಿರಲಿಲ್ಲ. ಪ್ರಪಂಚದ ಎಲ್ಲ ಭಾಷೆಗಳ ಉಚ್ಚಾರಣೆಯ ಇತಿಹಾಸವನ್ನೂ ಬಹುಕಾಲ ಹೀಗೆಯೇ ಕಟ್ಟಲಾಯಿತು: ಲಿಪಿಕಾರರ ತಪ್ಪು, ಕವಿಗಳ ಪ್ರಾಸ, ವೈಯಾಕರಣರ ದೂರು, ಇವಿಷ್ಟೇ ಸಾಕ್ಷಿ. 19ನೇ ಶತಮಾನದ ಉತ್ತರಾರ್ಧದಲ್ಲಿ ಧ್ವನಿಯನ್ನೇ ಹಿಡಿದಿಡುವ ಯಂತ್ರಗಳು ಬಂದ ಮೇಲೆ ಮೊದಲ ಬಾರಿಗೆ ಇನ್ನೊಂದು ಬಗೆಯ ಸಾಕ್ಷಿ ಸಿಕ್ಕಿತು.

ಅಂಥ ಮೊದಲ ಯಂತ್ರಕ್ಕೆ ಧ್ವನಿಯನ್ನು ಬರೆಯಲು ಬರುತ್ತಿತ್ತು, ತಿರುಗಿ ನುಡಿಸಲು ಬರುತ್ತಿರಲಿಲ್ಲ. ಪ್ಯಾರಿಸಿನ ಎಡ್ವಾರ್ಡ್-ಲಿಯೋನ್ ಸ್ಕಾಟ್ ದ ಮಾರ್ಟಿನ್‌ವಿಲ್ 1857ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಮಾತಿನ ಕಂಪನ ಒಂದು ಪೊರೆಯನ್ನು ಅಲುಗಿಸುತ್ತಿತ್ತು; ಪೊರೆಗೆ ಅಂಟಿಸಿದ ಸಣ್ಣ ಕಡ್ಡಿ, ದೀಪದ ಮಸಿ ಹಿಡಿಸಿದ ಕಾಗದದ ಮೇಲೆ ಅಂಕುಡೊಂಕು ಗೆರೆ ಎಳೆಯುತ್ತಿತ್ತು. ಗೆರೆ ನೋಡಿಯೇ ಮಾತನ್ನು ಓದಬಹುದೆಂಬುದು ಅವನ ಆಸೆ. 1860ರ ಏಪ್ರಿಲ್ 9ರಂದು ಅವನು ಒಂದು ಫ್ರೆಂಚ್ ಜನಪದ ಹಾಡಿನ ತುಣುಕನ್ನು ಹೀಗೆ ಬರೆದಿಟ್ಟ. 2008ರಲ್ಲಿ ಅಮೆರಿಕದ ಸಂಶೋಧಕರು ಆ ಗೆರೆಯನ್ನು ಸ್ಕ್ಯಾನ್ ಮಾಡಿ, ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಂಪ್ಯೂಟರಿನಿಂದ ಧ್ವನಿಯಾಗಿಸಿದಾಗ ಹೆಣ್ಣುಮಗಳೊಬ್ಬಳು ಹಾಡುತ್ತಿರುವಂತೆ ಕೇಳಿಸಿತು. ಪತ್ರಿಕೆಗಳೂ ಹಾಗೆಯೇ ಬರೆದವು. ಮರುವರ್ಷ ಗೊತ್ತಾದದ್ದೇ ಬೇರೆ. ಯಂತ್ರವನ್ನು ಕೈಯಿಂದ ತಿರುಗಿಸುತ್ತಿದ್ದುದರಿಂದ ವೇಗ ಅಳೆಯಲೆಂದು ಸ್ಕಾಟ್ ಪಕ್ಕದಲ್ಲೇ ಒಂದು ಶ್ರುತಿಕವೆಯ ಕಂಪನವನ್ನೂ ಬರೆಸಿದ್ದ. ಆ ಕಾಲದ ಫ್ರೆಂಚರು ಕವೆ ಒಂದು ಕಡೆಗೆ ಹೋದದ್ದನ್ನು ಒಂದು, ಮರಳಿ ಬಂದದ್ದನ್ನು ಇನ್ನೊಂದು ಎಂದು ಎಣಿಸುತ್ತಿದ್ದರು. ಇದನ್ನು ಗಮನಿಸದೆ ದುಪ್ಪಟ್ಟು ವೇಗದಲ್ಲಿ ನುಡಿಸಲಾಗಿತ್ತು. ವೇಗ ಅರ್ಧಕ್ಕೆ ಇಳಿಸಿದರೆ ಕೇಳಿಸಿದ್ದು ನಿಧಾನವಾಗಿ ಹಾಡುವ ಗಂಡಸಿನ ದನಿ, ಬಹುಶಃ ಸ್ಕಾಟ್‌ನದೇ.

ಹಳೆಯ ಧ್ವನಿಮುದ್ರಣದಿಂದ ಉಚ್ಚಾರಣೆಯನ್ನು ಅರಿಯಹೊರಟವರಿಗೆ ಈ ಪ್ರಸಂಗದಲ್ಲಿ ದೊಡ್ಡ ಎಚ್ಚರಿಕೆಯಿದೆ. ಬಾಯಿಯ ಆಕಾರ ಬದಲಾದಂತೆ ಅದರಲ್ಲಿ ಕೆಲವು ಆವೃತ್ತಿಗಳು ಹೆಚ್ಚು ಬಲವಾಗಿ ಅನುರಣಿಸುತ್ತವೆ; ಅ, ಇ, ಎ ಎಂಬ ಭೇದವನ್ನು ಕಿವಿ ಗುರುತಿಸುವುದೇ ಆ ಆವೃತ್ತಿಗಳ ಮೇಲೆ. ಯಂತ್ರದ ವೇಗ ಏರುಪೇರಾದರೆ ಅವೂ ಏರುಪೇರಾಗುತ್ತವೆ, ಒಂದು ಸ್ವರ ಇನ್ನೊಂದರಂತೆ ಕೇಳಿಸತೊಡಗುತ್ತದೆ. ಉಚ್ಚಾರಣೆಯೇ ಬದಲಾಗಿತ್ತೋ ತಿರುಗಿಸಿದ ಕೈ ನಿಧಾನವಾಗಿತ್ತೋ ಎಂದು ಹೇಳುವುದು ಕಷ್ಟ.

ನುಡಿಸಲೂ ಬರುವ ಯಂತ್ರವನ್ನು ಥಾಮಸ್ ಎಡಿಸನ್ 1877ರಲ್ಲಿ ಮಾಡಿದ. ಅದರಲ್ಲಿ ತವರದ ತೆಳುಹಾಳೆಯ ಮೇಲೆ ಸೂಜಿ ತಗ್ಗುಗಳನ್ನು ಒತ್ತುತ್ತಿತ್ತು. ಹಾಳೆ ಕೆಲವೇ ಸಲ ನುಡಿದು ಹರಿದುಹೋಗುತ್ತಿತ್ತು. 1880ರ ದಶಕದಲ್ಲಿ ವಾಷಿಂಗ್ಟನ್ನಿನ ವೋಲ್ಟಾ ಪ್ರಯೋಗಾಲಯದವರು ತವರದ ಬದಲು ಮೇಣವನ್ನು ಬಳಸಿದ್ದರಿಂದ ಧ್ವನಿ ಬಾಳಿಕೆ ಬರುವಂತಾಯಿತು. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಆ ಪ್ರಯೋಗಾಲಯದ ಪಾಲುದಾರ. ಅವನ ತಂದೆ ಮೆಲ್ವಿಲ್ ಬೆಲ್ ಯಾವ ಭಾಷೆಯ ಯಾವ ಉಚ್ಚಾರಣೆಯನ್ನಾದರೂ ಕಾಗದದ ಮೇಲೆ ಬರೆಯಬಲ್ಲ ಲಿಪಿಯೊಂದನ್ನು 1867ರಲ್ಲಿ ಪ್ರಕಟಿಸಿದ್ದ. ತಂದೆ ಲಿಪಿಯಿಂದ ಸಾಧಿಸಹೊರಟದ್ದನ್ನು ಮಗ ಮೇಣದಿಂದ ಸಾಧಿಸಿದ ಎನ್ನಬಹುದು. 1885ರ ಏಪ್ರಿಲ್ 15ರಂದು ಮೇಣ ಸವರಿದ ರಟ್ಟಿನ ತಟ್ಟೆಯೊಂದರಲ್ಲಿ ಗ್ರಹಾಂ ಬೆಲ್ ಅಂಕಿಗಳನ್ನು ಎಣಿಸಿ, ಕೊನೆಗೆ ತನ್ನ ಹೆಸರು ಹೇಳಿ ದನಿ ಕೇಳಿರೆಂದ. ಆ ತಟ್ಟೆ ಸೂಜಿ ತಾಗಿಸಿದರೆ ಹಾಳಾಗುವ ಸ್ಥಿತಿಯಲ್ಲಿತ್ತು. ಭೌತವಿಜ್ಞಾನಿ ಕಾರ್ಲ್ ಹೇಬರ್ ಮತ್ತು ಸಂಗಡಿಗರು ಗೀರುಗಳನ್ನು ಬೆಳಕಿನಿಂದಲೇ ಅಳೆದು ನುಡಿಸುವ ವಿಧಾನ ಕಂಡುಹಿಡಿದ ಮೇಲೆ, 2013ರಲ್ಲಿ ಜನ ಅದನ್ನು ಕೇಳಿದರು.

1925ರವರೆಗಿನ ಹೆಚ್ಚಿನ ಮುದ್ರಣಗಳಲ್ಲಿ ಮೈಕ್ ಇಲ್ಲ. ಮಾತಾಡುವವರು ದೊಡ್ಡ ತಗಡಿನ ಹಾರ್ನ್‌ಗೆ ಬಾಯಿಕೊಟ್ಟು ಗಟ್ಟಿಯಾಗಿ ಹೇಳಬೇಕಿತ್ತು. ದನಿಯ ಬಲವೇ ಸೂಜಿಯನ್ನು ಅಲುಗಿಸಬೇಕು. ಹೀಗೆ ಹಿಡಿದದ್ದು ಸ್ಥೂಲವಾಗಿ 200ರಿಂದ 2500 ಹರ್ಟ್ಸ್‌ವರೆಗಿನ ಧ್ವನಿ ಮಾತ್ರ. ಸ್ವರಗಳ ಮುಖ್ಯ ಗುರುತುಗಳು ಇಷ್ಟರೊಳಗೇ ಇರುವುದರಿಂದ ಉಳಿದವು. ‘ಸ’, ‘ಫ’ದಂಥ ವ್ಯಂಜನಗಳ ಬಲವಿರುವುದು ಇದಕ್ಕಿಂತ ಬಹಳ ಮೇಲೆ, ಅವು ಬಹುತೇಕ ಅಳಿಸಿಹೋದವು. ಕೆಳಗಿನ ಗಂಭೀರ ನಾದವೂ ಹೋಯಿತು. ಹಿಂದಿನ ಕಾಲದವರೆಲ್ಲ ಮೂಗಿನಲ್ಲಿ, ಕೀರಲು ದನಿಯಲ್ಲಿ ಮಾತಾಡುತ್ತಿದ್ದರು ಎಂಬ ಭಾವನೆ ಹಳೆಯ ತಟ್ಟೆ ಕೇಳಿದ ಎಲ್ಲರಿಗೂ ಬರುತ್ತದೆ. ಅದರಲ್ಲಿ ಬಹುಪಾಲು ಯಂತ್ರದ ಗುಣ, ಜನರದಲ್ಲ.

ಮೊದಲು ಯಂತ್ರದ ಮುಂದೆ ನಿಂತವರು ಸಾಮಾನ್ಯ ಜನರೂ ಅಲ್ಲ. ಲಂಡನ್ನಿನಲ್ಲಿ ಎಡಿಸನ್ನನ ಪ್ರತಿನಿಧಿಯಾಗಿದ್ದ ಕರ್ನಲ್ ಗೂರೋ 1888ರ ನಂತರ ಹೆಸರಾಂತ ಮುದುಕರನ್ನೆಲ್ಲ ಹುಡುಕಿ ಮುದ್ರಿಸಿದ. 1889ರಲ್ಲಿ ಕವಿ ರಾಬರ್ಟ್ ಬ್ರೌನಿಂಗ್ ತನ್ನದೇ ಕವನ ಹೇಳತೊಡಗಿ ಕೆಲವು ಸಾಲಿಗೆಲ್ಲ ಮರೆತು ಕ್ಷಮೆ ಕೇಳಿದ. 1890ರಲ್ಲಿ ಟೆನಿಸನ್ ವಾಚನ ಮಾಡಿದ, ಫ್ಲಾರೆನ್ಸ್ ನೈಟಿಂಗೇಲ್ ಮಾತಾಡಿದಳು. 1889ರ ಅಕ್ಟೋಬರಿನಲ್ಲಿ ಎಡಿಸನ್ನನ ಇನ್ನೊಬ್ಬ ಸಹಾಯಕ ಜರ್ಮನಿಯ ಸೇನಾನಿ ಮೋಲ್ಟ್ಕೆಯ ದನಿ ಹಿಡಿದ. ಮೋಲ್ಟ್ಕೆ ಹುಟ್ಟಿದ್ದು 1800ರಲ್ಲಿ. ಲೆಕ್ಕಕ್ಕೆ ಅದು 18ನೇ ಶತಮಾನದ ಕೊನೆಯ ವರ್ಷ. ದನಿ ಉಳಿದವರಲ್ಲಿ ಅವನಿಗಿಂತ ಮುಂಚೆ ಹುಟ್ಟಿದವರು ಗೊತ್ತಿಲ್ಲ.

ಹುಟ್ಟಿದ ವರ್ಷಕ್ಕೆ ಇಷ್ಟು ಬೆಲೆ ಕೊಡುವುದಕ್ಕೆ ಕಾರಣವಿದೆ. ಮನುಷ್ಯನ ಉಚ್ಚಾರಣೆಯ ಬಹುಭಾಗ ಹರೆಯದ ಹೊತ್ತಿಗೆ ನೆಲೆಗೊಳ್ಳುತ್ತದೆ. 80 ವರ್ಷದವನೊಬ್ಬನನ್ನು ಮಾತಾಡಿಸಿದರೆ ಸುಮಾರು 60 ವರ್ಷ ಹಿಂದಿನ ಧಾಟಿ ಕೇಳಿಸುತ್ತದೆ ಎಂಬ ಭರವಸೆಯ ಮೇಲೆಯೇ ಭಾಷಾವಿಜ್ಞಾನಿಗಳು ಒಂದೇ ಊರಿನ ಅಜ್ಜಂದಿರನ್ನೂ ಮೊಮ್ಮಕ್ಕಳನ್ನೂ ಹೋಲಿಸುತ್ತಾರೆ. ಆದರೆ ಬ್ರೌನಿಂಗ್, ಟೆನಿಸನ್ ಮುದ್ರಣಗಳಿಂದ ಸಿಗುವುದು ಕವನ ವಾಚನದ ಶೈಲಿಯೇ ಹೊರತು ಅವರು ಊಟದ ಮನೆಯಲ್ಲಿ ಆಡುತ್ತಿದ್ದ ಮಾತಲ್ಲ. ಕನ್ನಡದ ಹಳೆಯ ಕಂಪನಿ ನಾಟಕಗಳ ಸಂಭಾಷಣೆ ಕೇಳಿ ಅಂದಿನ ಜನ ಮನೆಯಲ್ಲೂ ಹಾಗೆಯೇ ಮಾತಾಡುತ್ತಿದ್ದರು ಎಂದು ತೀರ್ಮಾನಿಸಿದರೆ ಎಷ್ಟು ಸರಿಯೋ ಇದೂ ಅಷ್ಟೇ.

ಸಾಮಾನ್ಯರ ಮಾತು ದೊಡ್ಡ ಪ್ರಮಾಣದಲ್ಲಿ ದಾಖಲಾದದ್ದು ಮೊದಲ ಮಹಾಯುದ್ಧದ ಸೆರೆಯಾಳುಗಳ ಶಿಬಿರಗಳಲ್ಲಿ. ಜರ್ಮನಿಯ ವಿಲ್ಹೆಲ್ಮ್ ಡೋಗೆನ್ ಎಂಬ ಶಿಕ್ಷಕ, ಪ್ರಪಂಚದ ನಾನಾ ಮೂಲೆಯವರು ತಮ್ಮ ದೇಶದಲ್ಲೇ ಬಂಧನದಲ್ಲಿರುವಾಗ ಅವರ ಭಾಷೆಗಳನ್ನು ಮುದ್ರಿಸಬಾರದೇಕೆ ಎಂದು ಸರ್ಕಾರವನ್ನು ಒಪ್ಪಿಸಿದ. 1915ರಿಂದ 1918ರವರೆಗೆ ಸುಮಾರು 1650 ತಟ್ಟೆಗಳು ತಯಾರಾದವು. ಪ್ರತಿಯೊಬ್ಬನ ಹುಟ್ಟೂರು, ಬೆಳೆದ ಊರು, ಓದು, ತಂದೆತಾಯಿಯ ಊರು ಇವೆಲ್ಲವನ್ನೂ ಒಂದು ನಮೂನೆಯಲ್ಲಿ ಬರೆದಿಡಲಾಯಿತು. ತಟ್ಟೆಯಷ್ಟೇ ಬೆಲೆಯುಳ್ಳದ್ದು ಈ ಕಾಗದ. ಬ್ರಿಟಿಷ್ ಸೈನಿಕರಿಂದ ಹೆಚ್ಚಾಗಿ ಹೇಳಿಸಿದ್ದು ಬೈಬಲ್ಲಿನ ದುಂದುಗಾರ ಮಗನ ಕಥೆ. ಎಲ್ಲರೂ ಅದೇ ಕಥೆ ಹೇಳಿದರೆ ಒಂದೊಂದು ಪದವನ್ನೂ ಊರೂರಿಗೆ ಹೋಲಿಸಬಹುದು. ಇಂಗ್ಲೆಂಡಿನ ಹಳ್ಳಿಗಾಡಿನ ಕೂಲಿಕಾರರ, ಗಣಿ ಕೆಲಸಗಾರರ ದನಿ ಹೀಗೆ ಬರ್ಲಿನ್ನಿನಲ್ಲಿ ಉಳಿಯಿತು. ಈಗಿನ ಮೊಮ್ಮಕ್ಕಳಲ್ಲಿ ಇಲ್ಲದ ಉಚ್ಚಾರಣೆಗಳು ಅವುಗಳಲ್ಲಿ ಸ್ಪಷ್ಟವಾಗಿವೆ.

ಬರ್ಲಿನ್ ಸಮೀಪದ ವುನ್ಸ್‌ಡಾರ್ಫ್ ಶಿಬಿರದಲ್ಲಿ ಭಾರತದ ಸಿಪಾಯಿಗಳೂ ಇದ್ದರು. 1916ರ ಡಿಸೆಂಬರ್ 11ರಂದು ಪಂಜಾಬಿನ ಮಾಲ್ ಸಿಂಗ್ ಹಾರ್ನ್ ಮುಂದೆ ನಿಂತು ತನ್ನನ್ನೇ ಯಾರೋ ಬೇರೆಯವನೆಂಬಂತೆ ಹೇಳಿಕೊಂಡ: ಹಿಂದೂಸ್ತಾನದಲ್ಲಿ ಬೆಣ್ಣೆ ತಿಂದು ಬೆಳೆದವನೊಬ್ಬ ಯುದ್ಧಕ್ಕೆ ಬಂದು ಜರ್ಮನಿಯಲ್ಲಿ ಸಿಕ್ಕಿಬಿದ್ದಿದ್ದಾನೆ, ಅವನಿಗೆ ಊರಿಗೆ ಮರಳಬೇಕು. ಮುದ್ರಿಸಿದವರಿಗೆ ಅದು ಪಂಜಾಬಿಯ ಒಂದು ಮಾದರಿ, ಅಷ್ಟೆ.

ಅಮೆರಿಕದ ಹಳೆಯ ಮುದ್ರಣಗಳು ಹೇಳುವುದು ಒಂದೇ ಒಂದು ಧ್ವನಿಯ ಏಳುಬೀಳಿನ ಕಥೆ. ‘ಕಾರ್’, ‘ಫೋರ್ತ್’ ಮುಂತಾದ ಪದಗಳಲ್ಲಿ ಸ್ವರದ ಮುಂದೆ ಬರುವ ರ್ ಅನ್ನು ಕನ್ನಡಿಗರು ಇಂಗ್ಲಿಷ್ ಮಾತಾಡುವಾಗ ಬಿಡದೆ ನುಡಿಯುತ್ತಾರೆ. ದಕ್ಷಿಣ ಇಂಗ್ಲೆಂಡಿನವರು ನುಂಗುತ್ತಾರೆ. ನ್ಯೂಯಾರ್ಕ್, ಬಾಸ್ಟನ್ನಿನ ಶ್ರೀಮಂತರೂ ಒಂದು ಕಾಲಕ್ಕೆ ನುಂಗುತ್ತಿದ್ದರು. 1912ರ ಚುನಾವಣೆಗಾಗಿ ಥಿಯೊಡೋರ್ ರೂಸ್ವೆಲ್ಟ್ ಮುದ್ರಿಸಿದ ಭಾಷಣಗಳಲ್ಲಿ ಆ ರ್ ಕ್ಷೀಣ. 1930ರ ದಶಕದ ಫ್ರಾಂಕ್ಲಿನ್ ರೂಸ್ವೆಲ್ಟರ ರೇಡಿಯೊ ಭಾಷಣಗಳಲ್ಲೂ ಹಾಗೆಯೇ. ಎರಡನೇ ಮಹಾಯುದ್ಧದ ನಂತರ ಗಾಳಿ ತಿರುಗಿತು. 1962ರಲ್ಲಿ ಭಾಷಾವಿಜ್ಞಾನಿ ವಿಲಿಯಂ ಲಬೋವ್ ನ್ಯೂಯಾರ್ಕಿನ ಮೂರು ಮಳಿಗೆಗಳಿಗೆ ಹೋಗಿ, ನಾಲ್ಕನೇ ಮಹಡಿಯಲ್ಲಿರುವ ವಸ್ತು ಎಲ್ಲಿ ಸಿಗುತ್ತದೆ ಎಂದು ಕೆಲಸದವರನ್ನು ಕೇಳಿದ. ಉತ್ತರದಲ್ಲಿ ‘ಫೋರ್ತ್ ಫ್ಲೋರ್’ ಬಂದೇ ತೀರಬೇಕು. ಕೇಳಿಸಲಿಲ್ಲವೆಂಬಂತೆ ಮತ್ತೊಮ್ಮೆ ಕೇಳಿ, ಈ ಸಲ ಒತ್ತಿ ಹೇಳುವಾಗ ರ್ ಬಂತೋ ಇಲ್ಲವೋ ಗುರುತುಹಾಕಿಕೊಂಡ. ದುಬಾರಿ ಮಳಿಗೆ ಸ್ಯಾಕ್ಸ್‌ನಲ್ಲಿ 62%, ಮಧ್ಯಮದ ಮೇಸಿಸ್‌ನಲ್ಲಿ 51%, ಅಗ್ಗದ ಕ್ಲೈನ್‌ನಲ್ಲಿ ಸುಮಾರು 20% ಮಂದಿ ರ್ ಅನ್ನು ಪೂರ್ತಿಯಾಗಿಯೋ ಅಲ್ಪಸ್ವಲ್ಪವೋ ನುಡಿದರು. ಅಧ್ಯಕ್ಷರ ಕುಟುಂಬದ ಗತ್ತಾಗಿದ್ದ ಉಚ್ಚಾರಣೆ 50 ವರ್ಷದೊಳಗೆ ಅಗ್ಗದ ಅಂಗಡಿಯ ಗುರುತಾಗಿಬಿಟ್ಟಿತ್ತು.

ಬ್ರಿಟನ್ನಿನಲ್ಲಿ ‘ಸರಿಯಾದ’ ಇಂಗ್ಲಿಷ್ ಯಾವುದು ಎಂಬುದನ್ನು ರೇಡಿಯೊ ತೀರ್ಮಾನಿಸಹೊರಟಿತು. ಬಿಬಿಸಿ 1926ರಲ್ಲಿ ಉಚ್ಚಾರಣೆಯ ಸಲಹಾ ಸಮಿತಿಯನ್ನೇ ನೇಮಿಸಿತು. ಅದಕ್ಕೆ ಆಸ್ಥಾನಕವಿ ರಾಬರ್ಟ್ ಬ್ರಿಜಸ್ ಅಧ್ಯಕ್ಷ, ಬಳಿಕ ಬರ್ನಾರ್ಡ್ ಷಾ. 1941ರಲ್ಲಿ ಯಾರ್ಕ್‌ಶೈರಿನ ವಿಲ್ಫ್ರೆಡ್ ಪಿಕಲ್ಸ್ ತನ್ನ ಊರಿನ ಧಾಟಿಯಲ್ಲೇ ವಾರ್ತೆ ಓದಿದಾಗ ಕೇಳುಗರಲ್ಲಿ ಗದ್ದಲವೆದ್ದಿತು. ಇಷ್ಟೆಲ್ಲ ಕಾವಲಿದ್ದರೂ ಮೇಲ್ವರ್ಗದ ಇಂಗ್ಲಿಷ್ ಇದ್ದಲ್ಲೇ ಇರಲಿಲ್ಲ. ಇದನ್ನು ತೋರಿಸಲು ಸಿಕ್ಕ ಅತ್ಯುತ್ತಮ ಸಾಕ್ಷಿ ಸ್ವತಃ ರಾಣಿ.

ಎರಡನೇ ಎಲಿಜಬೆತ್ 1952ರಿಂದ ಹೆಚ್ಚುಕಡಿಮೆ ಪ್ರತಿ ಕ್ರಿಸ್ಮಸ್‌ಗೂ ಪ್ರಸಾರ ಭಾಷಣ ಮಾಡಿದರು. ಸಂಶೋಧಕರಿಗೆ ಇದಕ್ಕಿಂತ ಅನುಕೂಲವಾದ ದಾಖಲೆ ಸಿಗುವುದು ಕಷ್ಟ: ಅದೇ ವ್ಯಕ್ತಿ, ಅದೇ ಸಂದರ್ಭ, ಅದೇ ಔಪಚಾರಿಕ ಶೈಲಿ. ಆಸ್ಟ್ರೇಲಿಯಾದ ಮ್ಯಾಕ್ವರಿ ವಿಶ್ವವಿದ್ಯಾಲಯದ ಜೊನಾಥನ್ ಹ್ಯಾರಿಂಗ್ಟನ್ ಮತ್ತು ಸಂಗಡಿಗರು 1950ರ ದಶಕದ ಭಾಷಣಗಳ ಸ್ವರಗಳನ್ನೂ 1980ರ ದಶಕದವನ್ನೂ ಅಳೆದು, ಬಿಬಿಸಿಯ ಹೆಂಗಸರ ಮಾತಿನೊಂದಿಗೆ ಹೋಲಿಸಿ 2000ನೇ ಇಸವಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. 1950ರ ದಶಕದಲ್ಲಿ ರಾಣಿ ‘ಹ್ಯಾಡ್’ ಎಂದದ್ದು ‘ಹೆಡ್’ ಎಂಬುದಕ್ಕೆ ಹತ್ತಿರವಿತ್ತು. 1980ರ ದಶಕದ ಹೊತ್ತಿಗೆ ಆ ಸ್ವರ ಕೆಳಗಿಳಿದು ಸಾಮಾನ್ಯ ದಕ್ಷಿಣ ಇಂಗ್ಲೆಂಡಿನವರ ಉಚ್ಚಾರಣೆಯ ಕಡೆಗೆ ಸರಿದಿತ್ತು. ‘ಹ್ಯಾಪಿ’, ‘ಡ್ಯೂಟಿ’ಯಂಥ ಪದಗಳ ಕೊನೆಯ ಸ್ವರವೂ ‘ಈ’ ಕಡೆಗೆ ಕೊಂಚ ಜರುಗಿತ್ತೆಂದು ಹ್ಯಾರಿಂಗ್ಟನ್ ಮುಂದೆ ತೋರಿಸಿದರು. ರಾಣಿ ಪ್ರಜೆಗಳಂತೆ ಮಾತಾಡತೊಡಗಿದರು ಎಂದಲ್ಲ. ಅವರತ್ತ ಅರ್ಧ ದಾರಿ ಬಂದಿದ್ದರು. ವಯಸ್ಸಾದಂತೆ ದನಿ ತಗ್ಗಿ, ಸ್ವರಗಳ ಅಳತೆಯೂ ತುಸು ವ್ಯತ್ಯಾಸವಾಗುವುದುಂಟು. ಅದನ್ನು ಲೆಕ್ಕ ಹಿಡಿದರೂ ಬದಲಾವಣೆ ಉಳಿಯಿತು. ಹರೆಯದಲ್ಲಿ ನೆಲೆಗೊಂಡ ಉಚ್ಚಾರಣೆ ಮತ್ತೆ ಅಲುಗದು ಎಂಬ ನಂಬಿಕೆಗೆ ಇದರಿಂದ ತಿದ್ದುಪಡಿ ಬೇಕಾಯಿತು.

ಆದರೆ ಒಂದು ಧಾಟಿ ಹುಟ್ಟುವುದನ್ನೇ ಕೇಳಬಹುದಾದ ದಾಖಲೆ ಇರುವುದು ನ್ಯೂಜಿಲೆಂಡಿನಲ್ಲಿ. ಬ್ರಿಟಿಷರು ದೊಡ್ಡ ಸಂಖ್ಯೆಯಲ್ಲಿ ಅಲ್ಲಿ ನೆಲೆಸಿದ್ದು 1840ರ ನಂತರ. 1946ರಿಂದ 1948ರವರೆಗೆ ಅಲ್ಲಿನ ರಾಷ್ಟ್ರೀಯ ಪ್ರಸಾರ ಸಂಸ್ಥೆ ತಟ್ಟೆ ಕೊರೆಯುವ ಯಂತ್ರ ಹೇರಿದ ವಾಹನವೊಂದನ್ನು ಸಣ್ಣ ಊರುಗಳಿಗೆ ಕಳಿಸಿ, ಹಳಬರಿಂದ ಚಿನ್ನದ ಗಣಿ, ದಾರಿ, ಹೊಲಮನೆಗಳ ನೆನಪುಗಳನ್ನು ಹೇಳಿಸಿತು. ರೇಡಿಯೊಗೆ ಸ್ಥಳೀಯ ಕಥೆ ಬೇಕಿತ್ತು. ಉಚ್ಚಾರಣೆಯ ಯೋಚನೆ ಯಾರ ತಲೆಯಲ್ಲೂ ಇರಲಿಲ್ಲ. ಆದರೆ ಮಾತಾಡಿದವರಲ್ಲಿ 1850ರ ದಶಕದಲ್ಲೇ ಹುಟ್ಟಿದವರಿದ್ದರು, ಅಂದರೆ ಆ ನೆಲದಲ್ಲಿ ಹುಟ್ಟಿದ ವಲಸೆಗಾರರ ಮೊದಲ ತಲೆಮಾರು. ಅವರು ಹೇಳಿದ್ದು ಕವನವಲ್ಲ, ಕಂಠಪಾಠದ ಕಥೆಯಲ್ಲ, ತಮ್ಮ ಬಾಳಿನ ಮಾತು. 1989ರಲ್ಲಿ ಕ್ರೈಸ್ಟ್‌ಚರ್ಚಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಎಲಿಜಬೆತ್ ಗಾರ್ಡನ್ ಮತ್ತು ಸಂಗಡಿಗರು ಇವುಗಳ ಪ್ರತಿ ಪಡೆದು ಅಧ್ಯಯನ ಆರಂಭಿಸಿದರು.

ಅದುವರೆಗಿನ ವಾದಗಳಲ್ಲಿ ಮುಖ್ಯವಾದವು ಎರಡು: ನ್ಯೂಜಿಲೆಂಡಿನ ಧಾಟಿ ಲಂಡನ್ನಿನ ಕಾಕ್ನಿಯಿಂದ ಬಂದದ್ದು, ಅಥವಾ ಆಸ್ಟ್ರೇಲಿಯಾದಿಂದ ಆಮದಾದದ್ದು. ತಟ್ಟೆಗಳು ಕೇಳಿಸಿದ್ದು ಬೇರೆಯೇ. ಮೊದಲ ತಲೆಮಾರಿನವರಲ್ಲಿ ಒಂದು ಧಾಟಿಯೆಂಬುದೇ ಇರಲಿಲ್ಲ. ಒಂದೇ ಊರಿನಲ್ಲಿ ಬೆಳೆದ ಇಬ್ಬರು ಬೇರೆ ಬೇರೆಯಾಗಿ ಮಾತಾಡುತ್ತಿದ್ದರು. ಒಬ್ಬನ ಬಾಯಲ್ಲೇ ಸ್ಕಾಟಿಷ್ ರೀತಿಯ ಒಂದು ಧ್ವನಿಯೂ ದಕ್ಷಿಣ ಇಂಗ್ಲೆಂಡಿನ ಇನ್ನೊಂದೂ ಒಟ್ಟಿಗೆ ಇರುತ್ತಿದ್ದವು, ಹಾಗೆ ಬೆರೆತ ಮಾತು ಬ್ರಿಟನ್ನಿನ ಯಾವ ಊರಲ್ಲೂ ಇರಲಿಲ್ಲ. ಅನುಸರಿಸಲು ಒಂದು ಮಾದರಿ ಇಲ್ಲದ ಮಕ್ಕಳು ಕಿವಿಗೆ ಬಿದ್ದ ಎಲ್ಲದರಿಂದ ಆಯ್ದುಕೊಂಡಿದ್ದರು. ಅವರ ನಂತರದವರಲ್ಲಿ ಈ ಕಲಸುಮೇಲೋಗರ ತಿಳಿಯಾಗಿ ಒಂದೇ ಧಾಟಿ ನೆಲೆನಿಂತಿತು. ಅದೂ ಎಲ್ಲ ಕಡೆ ಒಂದೇ ವೇಗದಲ್ಲಿ ಅಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್, ಆಸ್ಟ್ರೇಲಿಯಾಗಳಿಂದ ಜನ ಬಂದು ಕೂಡಿದ ಚಿನ್ನದ ಗಣಿಯೂರು ಆರೋಟೌನಿನಲ್ಲಿ ಹೊಸ ಧಾಟಿ ಬೇಗ ಬಂತು. ಬಹುತೇಕ ಸ್ಕಾಟರೇ ನೆಲೆಸಿದ ಮಿಲ್ಟನ್ನಿನಲ್ಲಿ ಹಳೆಯದೇ ಹೆಚ್ಚು ಕಾಲ ನಿಂತಿತು. ಊರಿಗೆ ಎಷ್ಟು ಬಗೆಯ ಜನ ಬಂದರೋ ಅಷ್ಟು ಬೇಗ ಎಲ್ಲರದೂ ಒಂದೇ ಮಾತಾಯಿತು.

ಸ್ವರಗಳ ಸರಪಳಿ ಚಲನೆಯನ್ನೂ ಇಲ್ಲಿ ಹಂತಹಂತವಾಗಿ ಕೇಳಬಹುದು. ಇಂದಿನ ನ್ಯೂಜಿಲೆಂಡಿಗರ ‘ಪ್ಯಾನ್’ ಹೊರಗಿನವರಿಗೆ ‘ಪೆನ್’ ಎಂದು ಕೇಳುತ್ತದೆ, ‘ಪೆನ್’ ‘ಪಿನ್’ ಆಗುತ್ತದೆ, ‘ಪಿನ್’ ಹೆಚ್ಚುಕಡಿಮೆ ‘ಪನ್’. ಮೀನು-ಆಲೂ ಕರಿದ ತಿಂಡಿಗೆ ಅವರು ‘ಫಷ್ ಅಂಡ್ ಚಪ್ಸ್’ ಎನ್ನುತ್ತಾರೆಂದು ಆಸ್ಟ್ರೇಲಿಯದವರು ಗೇಲಿ ಮಾಡುವುದು ಇದನ್ನೇ. ಕೊನೆಯ ಸ್ವರ ಮೊದಲು ಸರಿದು ಜಾಗ ಬಿಟ್ಟಿತೋ, ಅಥವಾ ಮೊದಲನೆಯದು ಹಿಂದಿನಿಂದ ನೂಕಿತೋ? ಹಳೆಯ ತಟ್ಟೆಗಳಲ್ಲಿ ‘ಪ್ಯಾನ್’ ಮತ್ತು ‘ಪೆನ್’ ಸ್ವರಗಳು ಆಗಲೇ ಮೇಲೇರಿವೆ. ‘ಪಿನ್’ ಸರಿದದ್ದು ಆಮೇಲೆ. ಆದ್ದರಿಂದ ಇದು ನೂಕಿದ್ದೇ ಹೊರತು ಸೆಳೆದದ್ದಲ್ಲ. ಹೊಸ ಸ್ವರಗಳಲ್ಲಿ ಮುಂದೆ ಹೆಜ್ಜೆಯಿಟ್ಟವರು ಹೆಂಗಸರು.

ಅನಿರೀಕ್ಷಿತವಾದ ಇನ್ನೊಂದು ಲಾಭವೂ ಆಯಿತು. ಇಂದು ನ್ಯೂಜಿಲೆಂಡಿನ ದಕ್ಷಿಣ ತುದಿಯನ್ನು ಬಿಟ್ಟರೆ ಸ್ವರದ ಮುಂದಿನ ರ್ ಹೆಚ್ಚಾಗಿ ಕೇಳಿಸುವುದಿಲ್ಲ. ಹಳೆಯ ತಟ್ಟೆಗಳಲ್ಲಿ ಬಹುಪಾಲು ಮಂದಿ ಅದನ್ನು ಸ್ವಲ್ಪಮಟ್ಟಿಗಾದರೂ ನುಡಿಯುತ್ತಾರೆ. ತಂಡದ ಪೀಟರ್ ಟ್ರಡ್ಗಿಲ್ ಇದರಿಂದ ಹಿಮ್ಮುಖವಾಗಿ ಊಹಿಸಿದರು: ಇವರ ತಂದೆತಾಯಿ ಹೊರಟುಬಂದ ಇಂಗ್ಲೆಂಡಿನಲ್ಲೂ 19ನೇ ಶತಮಾನದ ನಡುಭಾಗದಲ್ಲಿ ಆ ರ್, ಪುಸ್ತಕಗಳು ಹೇಳಿದ್ದಕ್ಕಿಂತ ಹೆಚ್ಚು ಜೀವಂತವಾಗಿದ್ದಿರಬೇಕು. ಇಂಗ್ಲೆಂಡಿನ ಸಾಮಾನ್ಯರು ಹಾರ್ನ್ ಕಾಣುವ ಮೊದಲಿನ ಅವರ ಮಾತಿನ ಸಾಕ್ಷಿ ಭೂಮಿಯ ಇನ್ನೊಂದು ತುದಿಯಲ್ಲಿ ಸಿಕ್ಕಿತು.

ಭಾರತದ ಹಳೆಯ ಮುದ್ರಣಗಳಲ್ಲಿ ಸಂಗೀತವೇ ಹೆಚ್ಚು. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಮುದ್ರಿಸಿದ ಗೌಹರ್ ಜಾನ್ ಹಾಡು ಮುಗಿಸಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು; ತಟ್ಟೆಯಲ್ಲಿ ಮಾತೆಂಬುದು ಇದ್ದರೆ ಅಷ್ಟೇ. ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಅವಳು 1930ರಲ್ಲಿ ಅಲ್ಲಿಯೇ ತೀರಿಕೊಂಡಳು. ಮಾತಿನ ಮುದ್ರಣ ನಡೆದದ್ದು ಜಾರ್ಜ್ ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆಯ ಜತೆಗೆ, 1910ರ ದಶಕದಿಂದ 1920ರ ದಶಕದ ಕೊನೆಯವರೆಗೆ. ಇಲ್ಲಿಯೂ ಹೇಳಿಸಿದ್ದು ಅದೇ ದುಂದುಗಾರ ಮಗನ ಕಥೆ. ಸಮೀಕ್ಷೆಯ ಬರಹದ ಭಾಗ ಮೈಸೂರು ಸಂಸ್ಥಾನವನ್ನೂ ಮದರಾಸು ಪ್ರಾಂತ್ಯವನ್ನೂ ಬಿಟ್ಟಿತ್ತು. ಕನ್ನಡ ಅದರೊಳಗೆ ಬಂದದ್ದು ಮುಖ್ಯವಾಗಿ ಮುಂಬಯಿ ಕರ್ನಾಟಕದ ಮೂಲಕ. ಮದರಾಸು ಪ್ರಾಂತ್ಯ ತನ್ನ ಭಾಷೆಗಳ ತಟ್ಟೆಗಳನ್ನು ಬೇರೆಯಾಗಿ ಮಾಡಿಸಿ, ಅವುಗಳ ಪಠ್ಯವನ್ನು 1927ರಲ್ಲಿ ಅಚ್ಚು ಹಾಕಿಸಿತು. ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳು ಆಗ ಆ ಪ್ರಾಂತ್ಯದಲ್ಲೇ ಇದ್ದವು. ಸಮೀಕ್ಷೆಯ ತಟ್ಟೆಗಳು ಈಗ ಡಿಜಿಟಲ್ ರೂಪದಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಸಂಗ್ರಹದಲ್ಲಿ ಕೇಳಸಿಗುತ್ತವೆ.

ಇವುಗಳಿಂದ ತಿಳಿಯುವುದಕ್ಕೂ ಮಿತಿಯಿದೆ. ಒಂದು ಭಾಷೆಗೆ ಒಬ್ಬಿಬ್ಬರು, ಅವರೂ ಓದುಬರಹ ಬಲ್ಲವರು, ಮುಂದೆ ಬರೆದಿಟ್ಟ ಅನುವಾದ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ‘ಆಕಾಶವಾಣಿ’ಯಿಂದ ಮುಂದೆ ಕನ್ನಡದ ಮಾತು ಗಾಳಿಗೆ ಬಂದರೂ ಅದು ಬರೆದು ಓದುವ ಮಾತು, ಅದರಲ್ಲಿ ವಾರ್ತೆ, ಉಪನ್ಯಾಸಗಳ ಶಿಷ್ಟ ಕನ್ನಡ ಹೇಗೆ ಬದಲಾಯಿತು ಎಂದು ನೋಡಬಹುದು, ಕುಂದಾಪುರದ ಅಥವಾ ಧಾರವಾಡದ ಮನೆಮಾತನ್ನಲ್ಲ. ಅದಕ್ಕೆ ಬೇಕಾದದ್ದು ಒಂದೇ ಊರಿನ ಹಲವರು, ಹಲವು ತಲೆಮಾರು, ಹರಟೆಯ ಮಾತು ಮತ್ತು ಯಾರು ಎಲ್ಲಿ ಹುಟ್ಟಿದರೆಂಬ ಟಿಪ್ಪಣಿ. ಜನಪದ ಸಂಗ್ರಾಹಕರು ಹಳ್ಳಿಗಳಲ್ಲಿ ಟೇಪು, ಕ್ಯಾಸೆಟ್ಟುಗಳಿಗೆ ತುಂಬಿಕೊಂಡದ್ದರಲ್ಲಿ ಹಾಡು ಮುಗಿದ ಮೇಲೆ ಹಾಡಿದವರು ಆಡಿದ ನಾಲ್ಕು ಮಾತುಗಳು ಎಲ್ಲೆಲ್ಲಿ ಅಳಿಸದೆ ಉಳಿದಿವೆಯೋ, ಉಚ್ಚಾರಣೆಯ ಅಧ್ಯಯನಕ್ಕೆ ಹಾಡಿಗಿಂತ ಹೆಚ್ಚು ಬೇಕಾಗುವುದು ಅವು.